ಹೊಲಕ್ಕೆ ಒಯ್ಯುವ ರೇಡಿಯೊ: ಹಳೆಯದು ಗಟ್ಟಿಯೋ, ಹೊಸದೋ?

ಹಾನಗಲ್ಲಿನ ಅಂಗಡಿಗೆ ಹೋಗಿ ‘ಹೊಲಕ್ಕ ಒಯ್ಯಾಕ ಒಂದ್ ರೇಡಿಯೊ ಬೇಕಾಗಿತ್ರಿ’ ಎಂದರೆ ಈಗ ಕಪಾಟಿನಿಂದ ಇಳಿಯುವುದು ಸ್ಪೀಕರು. ಬಟ್ಟೆಯ ಜಾಳಿ, ಮೇಲೊಂದು ಹಿಡಿಕೆ, ಹಾಡಿನ ತಾಳಕ್ಕೆ ಮಿನುಗುವ ಬಣ್ಣದ ಲೈಟು. ಬ್ಲೂಟೂತ್ ಐತಿ, ಪೆನ್‌ಡ್ರೈವ್ ಐತಿ, ಕಾರ್ಡ್ ಐತಿ ಎಂದು ಎಣಿಸಿ ಮುಗಿದ ಮೇಲೆ ಕಡೆಗೆ ಬರುವ ಮಾತು: ‘ಇದರಾಗ ರೇಡಿಯೊನೂ ಬರತೈತ್ರಿ.’ ಆ ‘ನೂ’ ಪ್ರತ್ಯಯದಲ್ಲಿ ಎಪ್ಪತ್ತು ವರ್ಷದ ಕಥೆ ಅಡಗಿದೆ. ಒಂದು ಕಾಲಕ್ಕೆ ರೇಡಿಯೊ ಪೆಟ್ಟಿಗೆಯ ಯಜಮಾನ. ಈಗ ಅದರ ಬಾಡಿಗೆದಾರ.

ನಮ್ಮ ಕಡೆ ಮೈಮುರಿದು ದುಡಿಯುವ ಜಾಗಗಳಲ್ಲೆಲ್ಲ ಹಾಡುವ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ಗೌಂಡಿಗಳು ಸಿಮೆಂಟ್ ಚೀಲದ ಮೇಲಿಟ್ಟಿರುತ್ತಾರೆ, ಸೆಂಟ್ರಿಂಗ್ ಹುಡುಗರು ಬಿದಿರಿಗೆ ತೂಗುಹಾಕಿರುತ್ತಾರೆ, ಭತ್ತದ ನಾಟಿಯವರು ಬದುವಿನ ಮೇಲೆ, ಶುಂಠಿ ಕೀಳುವವರು ಚೀಲಗಳ ನಡುವೆ, ರಾಶಿ ಮಾಡುವವರು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ. ಈ ಜಾಗಗಳ ಧೂಳು, ನೀರು, ಬಿಸಿಲು, ಕೈತಪ್ಪು ಇವನ್ನೆಲ್ಲ ತಾಳಿಕೊಳ್ಳುವ ರೇಡಿಯೊ ಯಾವುದು? ‘ಹಳೇದs ಚಲೋ ಇತ್ತು’ ಎನ್ನುವ ಹಿರಿಯರಿಗೂ ‘ಕಾಕಾ, ಅದರ ಕಾಲ ಮುಗೀತು’ ಎನ್ನುವ ಹುಡುಗರಿಗೂ ಈ ವಿಷಯದಲ್ಲಿ ಜಗಳ ತೀರುವುದಿಲ್ಲ. ಇಬ್ಬರಲ್ಲೂ ಅರ್ಧರ್ಧ ನ್ಯಾಯವಿದೆ. ಯಾವ ಅರ್ಧ ಯಾರದ್ದು ಎಂದು ಬಿಡಿಸಿ ನೋಡುವುದಷ್ಟೇ ಇಲ್ಲಿನ ಕೆಲಸ.

ಹೊರದೇಶಗಳಲ್ಲಿ ಕಟ್ಟಡ ಕೆಲಸದವರಿಗಾಗಿಯೇ ಬೇರೆ ಜಾತಿಯ ರೇಡಿಯೊಗಳಿವೆ. ಡ್ರಿಲ್ಲಿಂಗ್ ಮಷಿನ್ ಮಾಡುವ ಕಂಪನಿಗಳೇ, ಅಂದರೆ ಡಿವಾಲ್ಟ್, ಮಕಿಟಾ, ಬಾಷ್, ಮಿಲ್ವಾಕಿಯಂಥವೇ ಅವನ್ನೂ ತಯಾರಿಸುತ್ತವೆ. ನಾಲ್ಕು ಮೂಲೆಗೆ ದಪ್ಪ ರಬ್ಬರು, ಸುತ್ತ ಕಂಬಿಯ ಪಂಜರ, ಡ್ರಿಲ್ಲಿಗೆ ಹಾಕುವ ಬ್ಯಾಟರಿಯೇ ರೇಡಿಯೊಗೂ. ಹಳೆಯ ಮಾದರಿಗಳಲ್ಲಿ ಎಎಂ, ಎಫ್‌ಎಂ ಎರಡೂ ಇದ್ದವು, ಗ್ಲೌಸ್ ಹಾಕಿದ ಕೈಯಲ್ಲೂ ತಿರುಗಿಸಬಹುದಾದ ದೊಡ್ಡ ಗುಬುಟುಗಳಿದ್ದವು. ಕೆಲವು ಕರೆಂಟಿಗೆ ಹಾಕಿದರೆ ಡ್ರಿಲ್ಲಿನ ಬ್ಯಾಟರಿಯನ್ನೂ ಚಾರ್ಜ್ ಮಾಡಿಕೊಡುತ್ತಿದ್ದವು. ಹೊಸ ಮಾದರಿಗಳಲ್ಲಿ ಬ್ಲೂಟೂತ್ ಬಂತು, ಯುರೋಪಿನಲ್ಲಿ ಡಿಜಿಟಲ್ ಪ್ರಸಾರವಾದ ಡಿಎಬಿ ಬಂತು. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ಅದೇ ದಾರಿ ಹಿಡಿಯಿತು. ಎರಡನೇ ಮಹಡಿಯಿಂದ ಬಿದ್ದರೂ ಒಡೆಯದ ಪೆಟ್ಟಿಗೆ ಅಲ್ಲಿ ಗಟ್ಟಿಮುಟ್ಟಾಗಿಯೇ ಇದ್ದು, ಕೇಳಲು ಸ್ಟೇಷನ್ ಇಲ್ಲದೆ ಮೂಕವಾಯಿತು. ರೇಡಿಯೊದ ಆಯುಷ್ಯ ಅದರ ಪೆಟ್ಟಿಗೆಯೊಳಗಷ್ಟೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ಜಾತಿಯ ರೇಡಿಯೊಗಳು ನಮ್ಮ ತಾಲ್ಲೂಕಿನ ಅಂಗಡಿಗಳಿಗೆ ಬಂದಿಲ್ಲ. ಬಂದರೂ ಆ ರೊಕ್ಕಕ್ಕೆ ನಮ್ಮ ಗೌಂಡಿ ಇನ್ನೊಂದು ಡ್ರಿಲ್ಲನ್ನೇ ಕೊಂಡಾನು. ನಮ್ಮಲ್ಲಿ ಆ ಜಾಗದಲ್ಲಿ ಕೂತಿದ್ದು ಟ್ರಾನ್ಸಿಸ್ಟರ್.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ನಮ್ಮ ನಾಲ್ಕು ತಾಲ್ಲೂಕುಗಳಾದ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿ, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿ ಕೂತಿದ್ದ ಸ್ಟೇಷನ್ ಅದು. ಕಾರ್ಯಕ್ರಮ ಎಷ್ಟು ದೊಡ್ಡವರದ್ದಾದರೇನು, ಹಳ್ಳಿಯಲ್ಲಿ ಅದನ್ನು ಹಿಡಿಯುವ ಯಂತ್ರ ಮಾತ್ರ ದೊಡ್ಡ ತಲೆನೋವು. ಆಗಿನದು ವಾಲ್ವ್ ಸೆಟ್. ಕರೆಂಟ್ ಇಲ್ಲದ ಊರಲ್ಲಿ ಅದಕ್ಕೆ ಎರಡು ಬಗೆಯ ಬ್ಯಾಟರಿ ಬೇಕು: ವಾಲ್ವಿನ ತಂತಿ ಕಾಯಿಸಲು ಒಂದು, ವಾಲ್ವಿಗೆ ತೊಂಬತ್ತು ವೋಲ್ಟ್ ಒತ್ತಡ ಕೊಡಲು ಇನ್ನೊಂದು. ಗಾಜಿನ ವಾಲ್ವು ಚಕ್ಕಡಿಯ ಕುಲುಕಾಟ ತಾಳುತ್ತಿರಲಿಲ್ಲ. ಅದನ್ನು ಹೊಲಕ್ಕೆ ಒಯ್ಯುವ ಮಾತೇ ಇಲ್ಲ. ಶ್ರೀಮಂತರ ಪಡಸಾಲೆಯಲ್ಲೋ ಪಂಚಾಯಿತಿಯ ಚಾವಡಿಯಲ್ಲೋ ಅದು ಕೂತಲ್ಲೇ ಕೂತಿರಬೇಕು, ನಾವೇ ಅದರ ಬಳಿ ಹೋಗಬೇಕು.

ರೇಡಿಯೊವನ್ನು ಎದ್ದು ನಡೆಸಿದ್ದು ಟ್ರಾನ್ಸಿಸ್ಟರ್. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿ, 1954ರಲ್ಲಿ ಅಲ್ಲಿ ಮೊದಲ ಜೇಬು ರೇಡಿಯೊ ಆಗಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಬೆಂಗಳೂರಿನ ಬಿಇಎಲ್ 1962ರ ಹೊತ್ತಿಗೆ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸತೊಡಗಿತು. ಮುಂದೆ ಎಪ್ಪತ್ತು–ಎಂಬತ್ತರ ದಶಕದಲ್ಲಿ ಯಾವ ದೇಶೀ ರೇಡಿಯೊದ ಹಿಂಬದಿ ಬಿಚ್ಚಿದರೂ ಬಿಇಎಲ್‌ನ ಬಿಸಿ 148, ಬಿಎಫ್ 194 ಎಂದು ಬರೆದ ಪುಟ್ಟ ಕರಿಯ ತುಣುಕುಗಳು ಕಾಣುತ್ತಿದ್ದವು. ಮರ್ಫಿ, ಬುಷ್, ಫಿಲಿಪ್ಸ್ ಎಂದು ಹೊರಗೆ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಕರುಳು ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಒಬ್ಬ ರಿಪೇರಿಯವನು ಎಲ್ಲ ಕಂಪನಿಯ ಸೆಟ್ಟುಗಳನ್ನೂ ಕಣ್ಣುಮುಚ್ಚಿ ಬಿಚ್ಚುತ್ತಿದ್ದ.

ಆ ಸೆಟ್ಟಿನ ಗಟ್ಟಿತನ ನೋಡಿ. ಮೈಮೇಲೆ ತೂತು ತೂತಿನ ಚರ್ಮದ ಕವರು, ಹೆಗಲಿಗೆ ಪಟ್ಟಿ. ರಬ್ಬರಿನ ಮೂಲೆ, ಕಂಬಿಯ ಪಂಜರಗಳು ಮಾಡುವ ಕೆಲಸವನ್ನು ಆ ಚರ್ಮವೇ ಮಾಡುತ್ತಿತ್ತು. ಒಳಗೆ ಬೆರಳುದಪ್ಪದ, ಗೇಣುದ್ದದ ಫೆರೈಟ್ ಕಡ್ಡಿ. ಅದರ ಸುತ್ತ ತಾಮ್ರದ ಎಳೆ. ಧಾರವಾಡ ಹಿಡಿಯುವುದು ಆ ಕಡ್ಡಿಯೇ, ಮೇಲೆ ಎಳೆದು ನಿಲ್ಲಿಸುವ ಏರಿಯಲ್ ಅಲ್ಲ. ಏರಿಯಲ್ ಇದ್ದದ್ದು ಶಾರ್ಟ್‌ವೇವ್‌ನಲ್ಲಿ ರೇಡಿಯೊ ಸಿಲೋನ್ ಕೇಳಲು. ಅದು ಮುರಿದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ, ತಾಮ್ರದ ತಂತಿಯ ತುಂಡೊಂದನ್ನು ಸುತ್ತಿ ಬೇಲಿಗೆ ಎಸೆದರೆ ಆಯಿತು. ಕಡ್ಡಿಗೆ ದಿಕ್ಕಿನ ಗುಣವಿದೆ: ಅದರ ತುದಿ ಸ್ಟೇಷನ್ನಿನ ಕಡೆ ಮುಖ ಮಾಡಿದರೆ ದನಿ ಸೊರಗುತ್ತದೆ, ಅಡ್ಡಲಾಗಿ ನಿಂತರೆ ತುಂಬಿ ಬರುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದದ ರೈತ ರೇಡಿಯೊವನ್ನು ಬದುವಿನ ಮೇಲೆ ಒಂದು ಸುತ್ತು ತಿರುಗಿಸಿ, ದನಿ ತಿಳಿಯಾದಲ್ಲಿ ನಿಲ್ಲಿಸಿ, ಕೆಳಗೊಂದು ಕಲ್ಲು ಕೊಡುತ್ತಿದ್ದ. ಡಯಲ್ ಗಾಜಿನ ಮೇಲೆ 70ಕ್ಕೂ 80ಕ್ಕೂ ನಡುವೆ, ಧಾರವಾಡ ಬರುವಲ್ಲಿ, ಹೆಣ್ಣುಮಕ್ಕಳು ಕೆಂಪು ಬೊಟ್ಟು ಅಂಟಿಸಿಟ್ಟಿರುತ್ತಿದ್ದರು. ಅಕ್ಷರ ಬಾರದ ಅಜ್ಜಿಯೂ ಮುಳ್ಳನ್ನು ಬೊಟ್ಟಿಗೆ ತಂದರೆ ಪ್ರದೇಶ ಸಮಾಚಾರ.

ಇನ್ನು ಸೆಲ್ಲಿನ ಲೆಕ್ಕ. ಮೂರು ದಪ್ಪ ಸೆಲ್ ಹಾಕಿದರೆ ನಾಲ್ಕೂವರೆ ವೋಲ್ಟ್. ಹದವಾದ ದನಿಯಲ್ಲಿ ಅಂಥ ಸೆಟ್ಟು ಎಳೆಯುವುದು 30ರಿಂದ 40 ಮಿಲಿ ಆಂಪಿಯರ್. ಸಾಧಾರಣ ಸೆಲ್ 4000 ಮಿಲಿ ಆಂಪಿಯರ್ ಗಂಟೆಯಷ್ಟು ಕೊಟ್ಟಿತೆಂದು ಹಿಡಿದರೂ ನೂರು ಗಂಟೆ ಹಾಡುತ್ತದೆ. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಹಚ್ಚಿದರೆ ಒಂದೂವರೆ ತಿಂಗಳಿಗೆ ಮೋಸವಿಲ್ಲ. ಸೆಲ್ ಸತ್ತ ಮೇಲೂ ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಿಕೊಳ್ಳುವ ವಿದ್ಯೆ ಎಲ್ಲರಿಗೂ ಗೊತ್ತಿತ್ತು. ಹೊಸದು ಬೇಕೆಂದರೆ ಚಹಾಪುಡಿ, ಬೆಂಕಿಪೊಟ್ಟಣ ಮಾರುವ ಊರ ಅಂಗಡಿಯಲ್ಲೇ ಸಿಗುತ್ತಿತ್ತು. ರೇಡಿಯೊ ಇಟ್ಟುಕೊಳ್ಳಲು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು ಎನ್ನುವುದು ಈಗಿನ ಹುಡುಗರಿಗೆ ನಗೆಯ ವಿಷಯ. ಆ ಪದ್ಧತಿ ಎಂಬತ್ತರ ದಶಕದಲ್ಲಿ ಹೋಯಿತು.

ಹಾಗಂತ ಹಳೆಯ ಸೆಟ್ಟಿಗೆ ಪೂಜೆ ಮಾಡಬೇಕಾಗಿಲ್ಲ. ಮೊದಲ ಪೀಳಿಗೆಯ ಜರ್ಮೇನಿಯಂ ಸೆಟ್ಟುಗಳು ಬಿಸಿಲು ತಾಳುತ್ತಿರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊಲದ ನಡುವೆ ಇಟ್ಟರೆ ದನಿ ಒಡೆದು ಗೊಗ್ಗರಾಗುತ್ತಿತ್ತು. ಸಿಲಿಕಾನ್ ಬಂದ ಮೇಲೆ ಆ ಕಾಟ ತಪ್ಪಿತು. ದನಿಯ ಗುಬುಟಿನೊಳಗೆ ಧೂಳು ಹೋಗಿ ‘ಕರ್ರ್’ ಎನ್ನುವುದು, ಡಯಲ್ ದಾರ ಹರಿದು ಮುಳ್ಳು ಅಲ್ಲಾಡದೆ ನಿಲ್ಲುವುದು, ಮರೆತುಹೋದ ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟುವುದು, ಇವು ಮನೆಮನೆಯ ರೋಗಗಳು. ಮಳೆಗೆ ಅದರಲ್ಲಿ ಯಾವ ರಕ್ಷಣೆಯೂ ಇರಲಿಲ್ಲ. ನಾಟಿ ಗದ್ದೆಯ ಕೆಸರಿಗೆ ಬಿದ್ದರೆ ಎತ್ತಿ, ಬಿಚ್ಚಿ, ಒಣಗಿಸಿ ದೇವರ ಮೇಲೆ ಭಾರ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ದನಿ. ಅರ್ಧ ವ್ಯಾಟಿನಷ್ಟು ದನಿ ಬದುವಿನ ಮೇಲೆ ಕೂತವನಿಗೆ ಸಾಕು. ಕಾಂಕ್ರೀಟ್ ಮಿಕ್ಸರ್ ಗುಡುಗುವ ಜಾಗದಲ್ಲಿ ಅದು ಇದ್ದೂ ಇಲ್ಲದಂತೆ.

ಹೊಸ ಪೆಟ್ಟಿಗೆ ಗೆಲ್ಲುವುದು ಅಲ್ಲೇ. ಐನೂರು–ಸಾವಿರ ರೂಪಾಯಿಯ ಸ್ಪೀಕರ್ ಕೂಡ ಐದು ವ್ಯಾಟ್ ಕೊಡುತ್ತದೆ. ಡಬ್ಬಿಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಎಂದು ಬರೆದಿದ್ದರೆ ಅದನ್ನು ಓದಿ ನಕ್ಕು ಬಿಡಿ. ಒಳಗಿನ ಬ್ಯಾಟರಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ಆದರೆ ಐದು ವ್ಯಾಟಂತೂ ನಿಜ, ಅದು ಇಡೀ ಮನೆಯ ಪಾಯಕ್ಕೆ ಕೇಳುತ್ತದೆ. ತನಗೆ ಬೇಕಾದ ಹಾಡು ಬೇಕಾದ ಹೊತ್ತಿಗೆ. ಉತ್ತರಪ್ರದೇಶದಿಂದ ಬಂದ ಟೈಲ್ಸ್ ಕೆಲಸದವನಿಗೆ ಭೋಜಪುರಿ, ನಮ್ಮ ಹುಡುಗರಿಗೆ ಜನಪದ ಡಿಜೆ. ಆಕಾಶವಾಣಿ ಈ ಕೆಲಸ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ಸ್ಪೀಕರ್ ಕೂಡ ಇಲ್ಲದವರು ಫೋನನ್ನೇ ಖಾಲಿ ಬಣ್ಣದ ಬಕೆಟ್ಟಿನೊಳಗೆ ನಿಲ್ಲಿಸಿ ದನಿ ಹೆಚ್ಚಿಸಿಕೊಳ್ಳುವುದನ್ನು ಯಾವ ಕಟ್ಟಡಕ್ಕೆ ಹೋದರೂ ನೋಡಬಹುದು.

ನೀರಿನ ವಿಷಯದಲ್ಲೂ ಹೊಸದೇ ಮುಂದು, ಆದರೆ ಡಬ್ಬಿಯ ಮೇಲಿನ ಅಕ್ಷರ ಓದಲು ಬರಬೇಕು. ‘ಐಪಿ’ ಎಂದು ಬರೆದು ಮುಂದೆ ಎರಡು ಅಂಕೆ ಇರುತ್ತವೆ. ಮೊದಲನೆಯದು ಧೂಳಿಗೆ, 0ಯಿಂದ 6ರವರೆಗೆ. 5 ಎಂದರೆ ಕೆಡುವಷ್ಟು ಧೂಳು ಒಳಹೋಗದು, 6 ಎಂದರೆ ಧೂಳು ಹೋಗುವುದೇ ಇಲ್ಲ. ಎರಡನೆಯದು ನೀರಿಗೆ, 4 ಎಂದರೆ ಎಲ್ಲ ಕಡೆಯಿಂದ ಚಿಮ್ಮುವ ಹನಿ ತಾಳುತ್ತದೆ, 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಬದುಕುತ್ತದೆ. ಬಹಳಷ್ಟು ಸ್ಪೀಕರುಗಳ ಮೇಲೆ ‘ಐಪಿಎಕ್ಸ್7’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆ ‘ಎಕ್ಸ್’ ಇದೆಯಲ್ಲ, ಅದರ ಅರ್ಥ ‘ಧೂಳಿನ ಪರೀಕ್ಷೆಯ ಬಗ್ಗೆ ಏನೂ ಹೇಳಿಲ್ಲ’ ಎಂದು. ಈಜುಕೊಳದ ಪಕ್ಕ ಇಟ್ಟುಕೊಳ್ಳುವವರಿಗೆ ಸರಿ. ಗೋವಿನಜೋಳದ ರಾಶಿ ಮಿಷನ್ ಪಕ್ಕ ಇಡುವ ನಮಗೆ ಬೇಕಾದದ್ದೇ ಆ ಮೊದಲ ಅಂಕೆ. ಜೋಳದ ಹೊಟ್ಟು, ಸಿಮೆಂಟಿನ ಪುಡಿ ಇವೆರಡೂ ನೀರಿಗಿಂತ ಮೆಲ್ಲಗೆ ಕೊಲ್ಲುತ್ತವೆ. ಇನ್ನೊಂದು: ಈ ಅಂಕೆಗಳೆಲ್ಲ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಬಿಗಿಯಾಗಿದ್ದಾಗಿನ ಮಾತು. ಆ ಮುಚ್ಚಳ ಮೊದಲ ಮೂರು ತಿಂಗಳಲ್ಲೇ ಕಿತ್ತು ಎಲ್ಲೋ ಬಿದ್ದಿರುತ್ತದೆ.

ಹೊಸ ಪೆಟ್ಟಿಗೆಯ ಮರ್ಮಸ್ಥಾನ ಆ ತೂತೇ. ಮೈಕ್ರೊ ಯುಎಸ್‌ಬಿಯ ಪುಟ್ಟ ಬಾಯಿ ಉಗುರಿನಷ್ಟೂ ಇಲ್ಲದ ಬೆಸುಗೆಯ ಮೇಲೆ ನಿಂತಿದೆ. ಸಿಮೆಂಟು ಮೆತ್ತಿದ ಕೈಯಿಂದ, ಕತ್ತಲಲ್ಲಿ, ಉಲ್ಟಾ ತುರುಕಿದರೆ ಎಷ್ಟು ದಿನ ಬಾಳೀತು? ರಿಪೇರಿಗೆ ಬರುವ ಸ್ಪೀಕರುಗಳಲ್ಲಿ ಏನು ಹೆಚ್ಚು ಎಂದು ಹಾನಗಲ್ಲಿನ ಒಬ್ಬ ಮೆಕ್ಯಾನಿಕ್‌ನನ್ನು ಕೇಳಿದರೆ, ‘ಬಾಯಿ ಹೋಗಿರ್ತೈತ್ರಿ, ಇಲ್ಲಾಂದ್ರ ಹೊಟ್ಟಿ ಉಬ್ಬಿರ್ತೈತಿ’ ಎಂದ. ಬಾಯಿ ಅಂದರೆ ಚಾರ್ಜಿಂಗ್ ಪಿನ್. ಹೊಟ್ಟೆ ಅಂದರೆ ಲಿಥಿಯಂ ಬ್ಯಾಟರಿ. ಆತನ ಮೇಜಿನ ಮೇಲೆ ಒಂದು ಬಿಚ್ಚಿದ ಸ್ಪೀಕರ್ ಬಿದ್ದಿತ್ತು: ಅಂಗೈಯಷ್ಟೂ ಇಲ್ಲದ ಹಸಿರು ಹಲಗೆ, ಅದರ ನಡುವೆ ಒಂದೇ ಒಂದು ಕರಿಯ ಚಿಪ್ಪು. ಬ್ಲೂಟೂತ್, ಎಫ್‌ಎಂ, ಪೆನ್‌ಡ್ರೈವ್ ಓದುವುದು ಎಲ್ಲವೂ ಅದೊಂದರಲ್ಲೇ. ಚಿಪ್ಪಿನ ಮೇಲಿನ ಹೆಸರನ್ನು ಅಳಿಸಿಹಾಕಿದ್ದರು. ಅದು ಕೆಟ್ಟರೆ ರಿಪೇರಿಯ ಮಾತಿಲ್ಲ, ಹಲಗೆಯನ್ನೇ ಬದಲಿಸಬೇಕು. ಹಲಗೆಗೆ ಕೊಡುವ ದುಡ್ಡಿಗೆ ಇನ್ನಿಷ್ಟು ಸೇರಿಸಿದರೆ ಹೊಸ ಸ್ಪೀಕರೇ ಬರುತ್ತದೆ. ಹೀಗಾಗಿ ಆತನ ಹಿಂದಿನ ಮೂಲೆಯಲ್ಲಿ ಕೆಟ್ಟ ಪೆಟ್ಟಿಗೆಗಳ ಗುಡ್ಡ.

ಬ್ಯಾಟರಿಯ ಲೆಕ್ಕವನ್ನೂ ಮುಗಿಸಿಬಿಡೋಣ. ಸಣ್ಣ ಸ್ಪೀಕರಿನಲ್ಲಿ 1200 ಮಿಲಿ ಆಂಪಿಯರ್ ಗಂಟೆಯ ಸೆಲ್ ಇರುತ್ತದೆ. ಜೋರಾಗಿ ಹಚ್ಚಿದರೆ 300 ಎಳೆಯುತ್ತದೆ. ನಾಲ್ಕು ತಾಸು ಹಾಡಿ ಸುಮ್ಮನಾಗುತ್ತದೆ. ದಿನಾ ಚಾರ್ಜ್ ಬೇಕು. ಲಿಥಿಯಂ ಸೆಲ್ ಮುನ್ನೂರರಿಂದ ಐನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ, ಅಂದರೆ ಒಂದು–ಒಂದೂವರೆ ವರ್ಷ. ಅದನ್ನು ತಂತಿಗೆ ಬೆಸೆದು, ಅಂಟು ಹಾಕಿ ಕೂರಿಸಿರುತ್ತಾರೆ. ಇಲ್ಲೊಂದು ಒಳ್ಳೆಯ ಹೊರತು ಇದೆ: ಕೆಲವು ಅಗ್ಗದ ರೇಡಿಯೊಗಳಲ್ಲಿ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಹಾಕಿರುತ್ತಾರೆ. ಹಿಂದಿನ ಮುಚ್ಚಳ ಉಗುರಿನಿಂದ ತೆಗೆದು, ಸತ್ತದ್ದನ್ನು ಬಿಸಾಕಿ, ಮೊಬೈಲ್ ಅಂಗಡಿಯಿಂದ ಇನ್ನೊಂದು ತಂದು ಹಾಕಿದರೆ ಮುಗಿಯಿತು. ನನ್ನ ಮಟ್ಟಿಗೆ ಹೊಸ ಕಾಲದ ಅತ್ಯಂತ ಗಟ್ಟಿ ರೇಡಿಯೊ ಅದೇ. ಅದಕ್ಕೆ ರಬ್ಬರೂ ಇಲ್ಲ, ಐಪಿಯೂ ಇಲ್ಲ. ಮೇಲೆ ಬೆಂಕಿಪೊಟ್ಟಣದಷ್ಟು ಸೋಲಾರ್ ಪ್ಲೇಟ್ ಅಂಟಿಸಿದ ರೇಡಿಯೊಗಳನ್ನು ಮಾತ್ರ ನೆಚ್ಚಬೇಡಿ. ಅಷ್ಟು ಸಣ್ಣ ಪ್ಲೇಟು 80 ಮಿಲಿ ಆಂಪಿಯರ್ ಕೊಟ್ಟರೆ 1200ರ ಬ್ಯಾಟರಿ ತುಂಬಲು ಹದಿನೈದು ತಾಸಿನ ಸುಡುಬಿಸಿಲು ಬೇಕು, ಪ್ಲಾಸ್ಟಿಕ್ ಅಷ್ಟರಲ್ಲೇ ಸೊಟ್ಟಗಾಗಿರುತ್ತದೆ.

ಇಷ್ಟು ಹೊತ್ತು ಆಡಿದ್ದು ಪೆಟ್ಟಿಗೆಯ ಮಾತು. ಗಾಳಿಯಲ್ಲಿ ಬರುವ ಅಲೆಯ ಮಾತು ಬೇರೆ, ನಮ್ಮ ನಾಲ್ಕು ತಾಲ್ಲೂಕುಗಳಿಗೆ ಮುಖ್ಯವಾದದ್ದು ಅದು.

ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಆ ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟುದ್ದದ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ಗುಡ್ಡ ಬಂದರೆ ಬಳಸಿಕೊಂಡು ಇಳಿಯುತ್ತದೆ, ತಗ್ಗಿನಲ್ಲಿದ್ದವನನ್ನೂ ಬಿಡುವುದಿಲ್ಲ. ಎಫ್‌ಎಂ ಅಲೆ ಮೂರು ಮೀಟರಿನದು, ಬೆಳಕಿನ ಹಾಗೆ ನೇರ ಹೋಗುವ ಹಠ ಅದಕ್ಕೆ. ನೂರು ಮೀಟರ್ ಎತ್ತರದ ಗೋಪುರದಿಂದ ಹೊರಟರೆ, ಭೂಮಿಯ ಗುಂಡಗಿನ ಬೆನ್ನು ಅಡ್ಡ ಬರುವ ಮೊದಲು, ಕೈಯಲ್ಲಿ ಹಿಡಿದ ರೇಡಿಯೊಗೆ ಸಿಗುವ ಅಂತರ ಹೆಚ್ಚುಕಡಿಮೆ 45 ಕಿಲೋಮೀಟರ್. ಧಾರವಾಡದಿಂದ ಹಕ್ಕಿ ನೇರ ಹಾರಿದರೂ ಶಿಗ್ಗಾವಿ 50 ಕಿಲೋಮೀಟರ್ ದಾಟುತ್ತದೆ, ಹಾನಗಲ್ 75 ದಾಟುತ್ತದೆ, ಹಿರೇಕೆರೂರು ನೂರರ ಆಚೆ. ಅದಕ್ಕೇ ಹಾನಗಲ್ಲಿನ ಪಶ್ಚಿಮಕ್ಕೆ, ಮಲೆನಾಡಿನ ಸೆರಗು ಶುರುವಾಗುವ ಹಳ್ಳಿಗಳಲ್ಲಿ, ಎಫ್‌ಎಂ ಮಾತ್ರ ಇರುವ ಸ್ಪೀಕರು ಮಾಳಿಗೆಯ ಮೇಲೆ ಗುನುಗುತ್ತದೆ, ಗದ್ದೆಗೆ ಇಳಿದರೆ ಬುಸುಗುಡುತ್ತದೆ. ಹಿರೇಕೆರೂರಿನ ಕಡೆಯವರಿಗೆ ಧಾರವಾಡಕ್ಕಿಂತ 675ರ ಭದ್ರಾವತಿಯೇ ಹತ್ತಿರವಾಗಿತ್ತು. ರಾತ್ರಿಯಾದರೆ ಮಧ್ಯಮ ತರಂಗ ಆಕಾಶಕ್ಕೆ ತಾಗಿ ಮರಳುತ್ತದೆ. ಆಗ 738ರಲ್ಲಿ ಹೈದರಾಬಾದಿನ ತೆಲುಗು ಕೂಡ ಹೊಲಕ್ಕೆ ಬಂದು ಕೂರುತ್ತದೆ.

ಹೊಸ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಮಧ್ಯಮ ತರಂಗವೇ ಇಲ್ಲ. ಅದಕ್ಕೆ ಬೇಕಾದ ಫೆರೈಟ್ ಕಡ್ಡಿ ದುಬಾರಿ, ಜಾಗ ತಿನ್ನುತ್ತದೆ. ಅಲ್ಲದೆ ಬ್ಲೂಟೂತ್ ಹಲಗೆ, ಲೈಟು ಇವುಗಳ ಗದ್ದಲ ಪಕ್ಕದಲ್ಲೇ ಇದ್ದರೆ ಅದು ಕೆಲಸ ಮಾಡದು. ‘ಎಂಡಬ್ಲ್ಯೂ’ ಎಂದು ಬರೆದಿರುವ ಹೊಸ ಸೆಟ್ಟುಗಳಲ್ಲೂ ಕಡ್ಡಿ ಕಿರುಬೆರಳಿನಷ್ಟು. ಡಿಜಿಟಲ್ ಅಂಕೆ ತೋರಿಸುವ ಸೆಟ್ಟುಗಳಲ್ಲಿ ಇನ್ನೊಂದು ತಮಾಷೆ ಇದೆ. 1978ರ ನವೆಂಬರಿನಿಂದ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಮಧ್ಯಮ ತರಂಗದ ಸ್ಟೇಷನ್ನುಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ನಿಂತಿವೆ. 675, 738, 765 ಎಲ್ಲವೂ ಒಂಬತ್ತರ ಮಗ್ಗಿ. ಅಮೆರಿಕದಲ್ಲಿ ಅಂತರ 10. ಅಲ್ಲಿಯ ಮಾರುಕಟ್ಟೆಗೆ ಹೊಂದಿಸಿದ ಸೆಟ್ಟು ಇಲ್ಲಿಗೆ ಬಂದರೆ 760ಕ್ಕೆ ನಿಲ್ಲುತ್ತದೆ, ಒತ್ತಿದರೆ 770ಕ್ಕೆ ಹಾರುತ್ತದೆ. ನಡುವಿನ ಧಾರವಾಡ ಮೂಗಿನಲ್ಲಿ ಮಾತಾಡಿದಂತೆ ಕೇಳಿಸುತ್ತದೆ. ಬಹಳ ಸೆಟ್ಟುಗಳಲ್ಲಿ 9/10 ಬದಲಿಸುವ ಏರ್ಪಾಡು ಇರುತ್ತದೆ, ಹುಡುಕಬೇಕಷ್ಟೆ. ಗುಬುಟು ತಿರುಗಿಸುವ ಹಳೆಯ ಸೆಟ್ಟಿಗೆ ಈ ಮಗ್ಗಿಯ ಗೊಡವೆಯೇ ಇರಲಿಲ್ಲ.

ಅಲೆಯೂ ಈಗ ಹಳೆಯ ಕಾಲದಷ್ಟು ತಿಳಿಯಾಗಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲವೂ ಮಧ್ಯಮ ತರಂಗದಲ್ಲಿ ‘ಕೊರ್ರ್’ ಎಂದು ಕೊರೆಯುತ್ತವೆ. ಊರೊಳಗೆ ಧಾರವಾಡ ಸರಿಯಾಗಿ ಬರುವುದಿಲ್ಲ ಎನ್ನುವವರ ದೂರಿನಲ್ಲಿ ಪಾಲು ಅವರ ಮನೆಯ ಬಲ್ಬಿನದ್ದೂ ಇದೆ. ತಂತಿ, ಕಂಬಗಳಿಂದ ದೂರವಾದ ಹೊಲದಲ್ಲಿ ಅದೇ ಸೆಟ್ಟು ತಿಳಿಯಾಗಿ ಹಾಡುತ್ತದೆ.

ಇದೆಲ್ಲ ಯಾಕೆ, ಫೋನಿನಲ್ಲಿ ಕೇಳಿದರಾಯಿತಲ್ಲ ಎಂದು ಹುಡುಗರು ಕೇಳುತ್ತಾರೆ. ಕೇಳಬಹುದು. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆಪ್‌ನಲ್ಲಿ ಧಾರವಾಡ ಬರುತ್ತದೆ. 64 ಕೆಬಿಪಿಎಸ್ ಹರಿವಾದರೆ ಗಂಟೆಗೆ 29 ಎಂಬಿ, ಡೇಟಾ ದೊಡ್ಡ ಮಾತಲ್ಲ. ತಗ್ಗಿನ ಗದ್ದೆಯಲ್ಲಿ ಟವರ್ ಸಿಗುವುದು, ಕರೆಂಟ್ ಹೋಗಿ ಟವರೇ ಮಲಗಿದಾಗ ಏನು ಮಾಡುವುದು ಎಂಬುದು ದೊಡ್ಡ ಮಾತು. ಫೋನಿನೊಳಗೆ ಎಫ್‌ಎಂ ಇದ್ದರೂ ಅದನ್ನು ಮುಚ್ಚಿಟ್ಟು ಮಾರಬೇಡಿ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ತಿಳಿಸಿದ್ದೂ ಈ ಕಾರಣಕ್ಕೇ: ನೆರೆ, ಬಿರುಗಾಳಿಯ ಹೊತ್ತಿಗೆ ನೆಟ್‌ವರ್ಕ್ ಸತ್ತರೂ ರೇಡಿಯೊ ಬದುಕಿರುತ್ತದೆ. ಭತ್ತ ಕೊಯ್ದು ಕಣದಲ್ಲಿ ಹರವಿದವನಿಗೆ ನಾಳೆ ಮಳೆಯೋ ಇಲ್ಲವೋ ಎಂಬುದು ಪೆನ್‌ಡ್ರೈವಿನಲ್ಲಿ ಸಿಗುವುದಿಲ್ಲ. 1966ರಲ್ಲಿ ಆಕಾಶವಾಣಿ ತನ್ನ ಸ್ಟೇಷನ್ನುಗಳಲ್ಲಿ ಕೃಷಿ ವಿಭಾಗ ತೆರೆದದ್ದು ಇಂಥವನಿಗಾಗಿ.

ಪೆನ್‌ಡ್ರೈವಿಗೂ ಅದರದೇ ಜಾಗ ಇದೆ, ಅದನ್ನು ಅಲ್ಲಗಳೆಯಲಾರೆ. ಕಾಡಿನ ಅಂಚಿನ ಗೋವಿನಜೋಳಕ್ಕೆ ಹಂದಿ ಬೀಳುವ ಕಾಲದಲ್ಲಿ ಮಂಚಿಕೆಯ ಮೇಲೆ ರಾತ್ರಿ ಕಳೆಯುವವನಿಗೆ ಹಳೆಯ ರೇಡಿಯೊ ಅರ್ಧ ಸಂಗಾತಿ ಮಾತ್ರ. ಸ್ಟೇಷನ್ ಮುಚ್ಚಿದ ಮೇಲೆ, ಹಂದಿ ಬರುವ ಸರಿಹೊತ್ತಿಗೆ, ಅದು ಸುಮ್ಮನೆ ‘ಶ್‌’ ಎನ್ನುತ್ತಿತ್ತು. ಈಗ ‘ಹೋ ಹೋ’ ಎಂದು ಕೂಗಿದ್ದನ್ನು, ನಾಯಿ ಬೊಗಳಿದ್ದನ್ನು ರೆಕಾರ್ಡ್ ಮಾಡಿ ಮೈಕಿನಲ್ಲಿ ಬೆಳಗಿನವರೆಗೂ ಹಚ್ಚಿಬಿಡುತ್ತಾರೆ. ಮನುಷ್ಯ ಮನೆಯಲ್ಲಿ ಮಲಗಬಹುದು. ಆದರೆ ಒಂದೇ ಕೂಗು ಒಂದೇ ಜಾಗದಿಂದ ಬಂದರೆ ಹಂದಿಗೂ ಕೆಲವು ದಿನಕ್ಕೆ ಗುಟ್ಟು ತಿಳಿಯುತ್ತದೆ; ಮೈಕನ್ನು ಜಾಗ ಬದಲಿಸುತ್ತ ಇರಬೇಕು. ಪ್ರತಿ ಗಳಿಗೆಗೂ ದನಿ, ರಾಗ, ಮಾತು ಬದಲಾಗುವ ರೇಡಿಯೊ, ಸ್ಟೇಷನ್ ಮುಚ್ಚುವವರೆಗಾದರೂ, ಈ ಒಂದು ವಿಷಯದಲ್ಲಿ ಹಂದಿಯನ್ನೂ ಚೆನ್ನಾಗಿಯೇ ಏಮಾರಿಸುತ್ತಿತ್ತು.

ರಿಪೇರಿಯ ವಿಷಯಕ್ಕೆ ಸರ್ಕಾರಗಳೂ ಈಗ ಕಣ್ಣು ತೆರೆದಿವೆ. ಯುರೋಪಿನ ಒಕ್ಕೂಟದ 2023ರ ಬ್ಯಾಟರಿ ಕಾಯ್ದೆಯ ಪ್ರಕಾರ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಸಣ್ಣ ಯಂತ್ರಗಳ ಬ್ಯಾಟರಿಯನ್ನು ಕೊಂಡವನೇ ತೆಗೆದು ಹಾಕುವಂತಿರಬೇಕು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ ಅದೇ ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ಮೊದಲು ಹಿಡಿದುಕೊಂಡ ನಾಲ್ಕು ಬಾಬತ್ತುಗಳಲ್ಲಿ ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ವಸ್ತು, ವಾಹನ ಇವೆ. ಐನೂರು ರೂಪಾಯಿಯ ಹೆಸರಿಲ್ಲದ ಸ್ಪೀಕರಿನವರೆಗೆ ಆ ಹಕ್ಕು ಇಳಿದು ಬರುವುದು ದೂರದ ಮಾತು. ಅತ್ತ ಆಕಾಶವಾಣಿಯೂ ದೇಶದ ಹಲವು ಕಡೆ ಹಳೆಯ ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿ ಎಫ್‌ಎಂ ಕಡೆ ವಾಲುತ್ತಿದೆ. ಡಿಜಿಟಲ್ ಆದ ಡಿಆರ್‌ಎಂ ಪ್ರಸಾರ ಮಾಡಿದ್ದೂ ಉಂಟು, ಆದರೆ ಅದನ್ನು ಹಿಡಿಯುವ ರೇಡಿಯೊ ತಾಲ್ಲೂಕಿನ ಅಂಗಡಿಯಲ್ಲಿ ಸಿಗದಿದ್ದರೆ ಪ್ರಸಾರ ಮಾಡಿ ಏನು ಫಲ? ಧಾರವಾಡದ 765 ನಿಂತರೆ ನಾರ್ವೆಯ ಕಟ್ಟಡ ಕೆಲಸದವರ ಪಾಡೇ ನಮ್ಮ ಗದ್ದೆಯದ್ದೂ ಆಗುತ್ತದೆ. ಎಫ್‌ಎಂ ಹೆಚ್ಚಿಸುವುದಾದರೆ ಹಾನಗಲ್–ಹಿರೇಕೆರೂರು ಸೀಮೆಯ ಗುಡ್ಡದ ಮೇಲೊಂದು ಮರುಪ್ರಸಾರ ಕೇಂದ್ರ ಹಾಕಿ, ಆಮೇಲೆ ಮಧ್ಯಮ ತರಂಗದ ಮಾತು ಎತ್ತಲಿ ಎಂದು ನಮ್ಮ ಜನಪ್ರತಿನಿಧಿಗಳು ಕೇಳಬೇಕು.

ಇನ್ನು ಕೊಳ್ಳುವವರಿಗೆ. ಗೌಂಡಿ ಕೆಲಸಕ್ಕಾದರೆ ಹಿಂದೆಮುಂದೆ ನೋಡದೆ ಹೊಸ ಸ್ಪೀಕರನ್ನೇ ತಗೊಳ್ಳಿ. ಐಪಿಯ ಮೊದಲ ಅಂಕೆ 5 ಅಥವಾ 6 ಇರಲಿ, ಚಾರ್ಜಿಂಗ್ ಬಾಯಿ ಟೈಪ್–ಸಿ ಇರಲಿ, ಅದು ಎರಡೂ ಕಡೆಯಿಂದ ಕೂರುವುದರಿಂದ ಉಲ್ಟಾ ತುರುಕುವ ಪ್ರಶ್ನೆಯಿಲ್ಲ. ಹೊಲಕ್ಕಾದರೆ ಎಂಡಬ್ಲ್ಯೂ ಇರುವ, ಬ್ಯಾಟರಿ ಕೈಯಿಂದ ತೆಗೆಯಬಹುದಾದ, ಗುಬುಟು ತಿರುಗಿಸುವ ರೇಡಿಯೊ ತಗೊಳ್ಳಿ. ಎರಡು ಸೆಲ್ಲಿಗೂ ಹಾಡಿದರೆ ಇನ್ನೂ ಒಳ್ಳೆಯದು. ದುಡ್ಡು ಕೊಡುವ ಮೊದಲು ಅಂಗಡಿಯ ಲೈಟು ಒಂದು ನಿಮಿಷ ಆರಿಸಲು ಹೇಳಿ, ಸೆಟ್ಟನ್ನು ಹೊರಗಿನ ಕಟ್ಟೆಗೆ ತಂದು 765ಕ್ಕೆ ತಿರುಗಿಸಿ. ಧಾರವಾಡ ಬಂತೋ, ತಗೊಳ್ಳಿ. ಬರಲಿಲ್ಲವೋ, ಡಬ್ಬಿಯ ಮೇಲೆ ಏನೇ ಬರೆದಿರಲಿ, ವಾಪಸ್ ಕೊಟ್ಟು ಬನ್ನಿ.